ಹೊಟ್ಟೆಗೆ ಮಿದುಳಿನ ಕಾವಲು

ಕಳೆದ ವೈಶಾಖಮಾಸದ ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹಳೆಯ ನಿಘಂಟೊಂದಕ್ಕೆ ರಟ್ಟು ಅಂಟಿಸುತ್ತಿದ್ದೆನು. ನಾಲ್ಕು ಮನೆಗಳಾಚೆ ವಾಸವಾಗಿರುವ ಹೆಂಗಸೊಬ್ಬರು ಬಂದು ಕಂಬದ ಬಳಿ ನಿಂತರು. ಆಕೆಯ ಮಗನು ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗ. ಈಚೆಗೆ ಅವನಿಗೆ ಕುಡಿತದ ಅಭ್ಯಾಸವಾಗಿರುವುದು ಬೀದಿಗೆಲ್ಲ ತಿಳಿದ ಸಂಗತಿ. ಬಂಧುಗಳ ಮನೆಯ ಮದುವೆಯೊಂದರಲ್ಲಿ ಮೂರು ರಾತ್ರಿ ಗೆಳೆಯರೊಡನೆ ಕುಡಿದನಂತೆ; ಪ್ರತಿದಿನ ಬೆಳಿಗ್ಗೆ ತಲೆನೋವೆಂದು ಅಂಗಡಿಯ ಮಾತ್ರೆಯನ್ನು ನುಂಗಿದನಂತೆ; ನಾಲ್ಕನೆಯ ದಿನ ಕಾಫಿಯ ಗಸಿಯಂತಹ ಕಪ್ಪುವಾಂತಿಯಾಯಿತು. ವೈದ್ಯರು ದೀಪವುಳ್ಳ ಸಣ್ಣ ನಳಿಕೆಯನ್ನು ಗಂಟಲಿನ ಮೂಲಕ ಇಳಿಸಿ ನೋಡಲಾಗಿ, ಜಠರದ ಒಳಪೊರೆಯು ಅಲ್ಲಲ್ಲಿ ಸುಲಿದು ರಕ್ತ ಒಸರುತ್ತಿದ್ದಿತು.

"ಮೇಷ್ಟ್ರೇ, ಅವನಿಗೆ ಒಂದು ದಿನವಾದರೂ ಹೊಟ್ಟೆನೋವು ಅಂತ ಇರಲಿಲ್ಲ. 'ನನ್ನ ಹೊಟ್ಟೆ ಕಲ್ಲಿನಂಥಾದ್ದಮ್ಮ' ಅಂತಿದ್ದ. ಅವರ ಅಪ್ಪ ಹೋದಮೇಲೆ ಸಾಲದ ಯೋಚನೆ ಹಚ್ಚಿಕೊಂಡ, ಅದರಿಂದಲೇ ಹೀಗಾಯಿತು ಅಂತ ನಮ್ಮ ಭಾವನವರು ಹೇಳ್ತಾರೆ. ಕುಡಿತದಿಂದ ಅಂತ ಡಾಕ್ಟರು ಹೇಳ್ತಾರೆ. ಇದರಲ್ಲಿ ಯಾವುದು ನಿಜ?" ಎಂದು ಆಕೆ ಕೇಳಿದರು.

"ಎರಡೂ ಇರಬಹುದಮ್ಮಾ" ಎಂದೆನು. ಅದು ಉತ್ತರವಲ್ಲ, ತಪ್ಪಿಸಿಕೊಳ್ಳುವ ಮಾತು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಅದು ಮನಸ್ಸಿನಲ್ಲಿ ಚುಚ್ಚುತ್ತಲೇ ಇದ್ದಿತು. ಆಮೇಲೆ ಕೆಲವು ತಿಂಗಳು, ನನ್ನ ಅಳಿಯನ ನೆರವಿನಿಂದ, ಈ ವಿಷಯವಾಗಿ ಓದಿದೆನು. ನಾನು ವೈದ್ಯನಲ್ಲ. ಆದರೂ ಮನೆಯಲ್ಲಿ ಇಂತಹ ಚಿಂತೆಯುಳ್ಳ ವಾಚಕರು ಬಹುಮಂದಿ ಇರುವರಾದಕಾರಣ, ತಿಳಿದುಬಂದುದನ್ನು ಇಲ್ಲಿ ಬರೆದಿರುವೆನು.

ಜಠರದ ಒಳಭಾಗವನ್ನು ಬದುಕಿರುವ ಮನುಷ್ಯನಲ್ಲಿ ವರ್ಷಗಟ್ಟಲೆ ಕಣ್ಣಾರೆ ಕಂಡು ಬರೆದ ಮೊದಲಿಗನು ವಿಲಿಯಂ ಬೋಮಂಟ್ ಎಂಬ ಅಮೆರಿಕಾದ ಸೇನಾವೈದ್ಯನು. ೧೮೨೨ನೆಯ ಇಸವಿ ಜೂನ್ ೬ರಂದು, ಹ್ಯೂರನ್ ಸರೋವರದ ಮ್ಯಾಕಿನಾಕ್ ದ್ವೀಪದಲ್ಲಿ, ತುಪ್ಪುಳುದೊಗಲಿನ ವ್ಯಾಪಾರದ ಕಂಪನಿಯೊಂದರ ಅಂಗಡಿಯೊಳಗೆ, ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಯುವಕನಿಗೆ ಆಕಸ್ಮಿಕವಾಗಿ ತುಪಾಕಿಯ ಗುಂಡು ತಗುಲಿತು. ಪಕ್ಕೆಯು ಒಡೆದು ಜಠರವು ತೂತಾಯಿತು. ಅವನು ಬದುಕುವನೆಂದು ಬೋಮಂಟನೇ ನಂಬಿರಲಿಲ್ಲ. ಆದರೆ ಅವನು ಬದುಕಿದನು, ಗಾಯವು ಮಾಯ್ದಿತು, ರಂಧ್ರ ಮಾತ್ರ ಮುಚ್ಚಲಿಲ್ಲ. ಜಠರದ ಅಂಚು ಚರ್ಮಕ್ಕೆ ಅಂಟಿಕೊಂಡು ಕಿಟಕಿಯಂತೆ ಉಳಿಯಿತು. ವೈದ್ಯನು ಮಾಂಸ, ರೊಟ್ಟಿ, ಕೋಸು ಮೊದಲಾದ ತುಣುಕುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಆ ರಂಧ್ರದೊಳಕ್ಕೆ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದನು. ೧೮೩೩ರಲ್ಲಿ ಇವೆಲ್ಲವನ್ನೂ ಒಂದು ಗ್ರಂಥವಾಗಿ ಅಚ್ಚು ಹಾಕಿಸಿದನು.

ಆ ಗ್ರಂಥದ ಎರಡು ಸಂಗತಿಗಳು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟವು. ಸೇಂಟ್ ಮಾರ್ಟಿನನು ಕೆಲವು ದಿನಗಳ ಕಾಲ ಮದ್ಯವನ್ನು ಯಥೇಚ್ಛವಾಗಿ ಕುಡಿದಾಗ ಬೋಮಂಟನು ಒಳಗೆ ಇಣಿಕಿ ನೋಡಿದನು. ಒಳಪೊರೆಯು ಕೆಂಪೇರಿ, ಅಲ್ಲಲ್ಲಿ ಹುಣ್ಣಿನ ಮಚ್ಚೆಗಳು ಎದ್ದು, ಜಠರರಸವು ಕೆಟ್ಟಿದ್ದಿತು. ಆಶ್ಚರ್ಯವೇನೆಂದರೆ, ಆ ಹೊತ್ತಿನಲ್ಲಿ ಅವನಿಗೆ ನೋವಿರಲಿಲ್ಲ. ಹಸಿವು ಎಂದಿನಂತೆಯೇ ಇದ್ದಿತು. ಇಂತಹ ಮುಖ್ಯವಾದ ಅಂಗವು ಹೊರಗೆ ಯಾವ ಚಿಹ್ನೆಯನ್ನೂ ತೋರದೆ ಇಷ್ಟು ಕೆಡಬಲ್ಲುದೇ ಎಂದು ವೈದ್ಯನು ಬೆರಗಾಗಿ ಬರೆದಿರುವನು. "ನನ್ನ ಹೊಟ್ಟೆ ಕಲ್ಲಿನಂಥಾದ್ದು" ಎಂಬ ಮಾತಿಗೆ ಈ ಉತ್ತರವು ಸುಮಾರು ಇನ್ನೂರು ವರ್ಷಗಳಿಂದ ಪುಸ್ತಕದಲ್ಲಿದೆ. ಎರಡನೆಯದು: ಸೇಂಟ್ ಮಾರ್ಟಿನನು ಸಿಟ್ಟುಗೊಂಡಾಗಲೂ ಜಠರದ ಸ್ಥಿತಿ ಬದಲಾಗುತ್ತಿದ್ದಿತು; ಸಾಮಾನ್ಯವಾಗಿ ಅಲ್ಲಿ ಕಾಣದ ಪಿತ್ತರಸವು ಆಗ ಕಾಣಿಸುತ್ತಿದ್ದಿತು. ಮನಸ್ಸಿನ ಕೋಪವು ಹೊಟ್ಟೆಯ ಕಿಟಕಿಯಲ್ಲಿ ಕಂಡಿತು!

ಸಿಟ್ಟು ಬರುವುದಕ್ಕೆ ಆ ಬಡವನಿಗೆ ಕಾರಣಗಳಿಗೇನೂ ಕೊರತೆಯಿರಲಿಲ್ಲವೆಂದು ನನಗೆ ತೋರುತ್ತದೆ. ಅವನು ಬೋಮಂಟನ ಮನೆಯಲ್ಲಿ ಊಳಿಗದವನಾಗಿ ಸೌದೆ ಒಡೆಯುತ್ತಲೇ ಪ್ರಯೋಗಗಳಿಗೂ ಒಡ್ಡಿಕೊಳ್ಳಬೇಕಾಗಿದ್ದಿತು. ೧೮೮೦ರಲ್ಲಿ ಅವನು ತೀರಿಕೊಂಡಾಗ, ವೈದ್ಯರು ದೇಹವನ್ನು ಒಯ್ಯಬಾರದೆಂದು ಮನೆಯವರು ಅದು ಕೆಡುವವರೆಗೆ ಇಟ್ಟುಕೊಂಡು, ಆಮೇಲೆ ಹೂಳಿದರಂತೆ. ಶಾಸ್ತ್ರದ ಇತಿಹಾಸದಲ್ಲಿ ಇಂತಹವರ ಋಣವು ಬಹಳ ಉಂಟು.

ಇರಲಿ. ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ೧೮೨೪ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಪ್ರೌಟ್ ತೋರಿಸಿದ್ದನು. ಮಾಂಸವನ್ನು ಕರಗಿಸುವ ಈ ರಸವು ಮಾಂಸಮಯವಾದ ಜಠರವನ್ನೇ ಏಕೆ ಕರಗಿಸದು? ಪಾತ್ರೆಗೆ ಕಲಾಯಿ ಹಾಕಿದಂತೆ ಒಳಪೊರೆಯ ಮೇಲೆ ಲೋಳೆಯ ಒಂದು ಲೇಪವಿದೆ. ಅದರ ದಪ್ಪ ಒಂದು ಮಿಲಿಮೀಟರಿನ ಅಲ್ಪಾಂಶ ಮಾತ್ರ. ಆ ಲೋಳೆಯೊಳಕ್ಕೆ ಕೆಳಗಿನ ಕೋಶಗಳು ಬೈಕಾರ್ಬೊನೇಟ್ ಕ್ಷಾರವನ್ನು, ಎಂದರೆ ನಮ್ಮ ಅಡುಗೆಸೋಡದಲ್ಲಿರುವ ವಸ್ತುವನ್ನೇ, ಸುರಿಸುತ್ತಿರುತ್ತವೆ. ಆದಕಾರಣ ಲೋಳೆಯ ಮೇಲ್ಗಡೆ ತೀಕ್ಷ್ಣವಾದ ಆಮ್ಲವಿದ್ದರೂ, ಕೆಳಗಡೆ ಕೋಶಗಳ ಮುಖದಲ್ಲಿ ಆಮ್ಲತೆಯು ಬಹುಮಟ್ಟಿಗೆ ಅಡಗಿರುವುದು. ಅದರ ಕೆಳಗೆ ಕೋಶಗಳ ಒತ್ತಾದ ಸಾಲು. ಇವು ಕೆಲವೇ ದಿನಗಳಿಗೊಮ್ಮೆ ಹಳೆಯವು ಉದುರಿ ಹೊಸವು ಹುಟ್ಟುತ್ತಿರುತ್ತವೆ. ಎಲ್ಲಕ್ಕಿಂತ ಕೆಳಗೆ ನವುರಾದ ರಕ್ತನಾಳಗಳ ಬಲೆ. ಒಳನುಗ್ಗಿದ ಆಮ್ಲವನ್ನು ತೊಳೆದು ಒಯ್ಯುವುದೂ ಕ್ಷಾರವನ್ನೂ ಪ್ರಾಣವಾಯುವನ್ನೂ ಒದಗಿಸುವುದೂ ಈ ರಕ್ತವೇ. ರಕ್ತದ ಹರಿವು ಕುಗ್ಗಿದರೆ ಉಳಿದ ರಕ್ಷಣೆಗಳೆಲ್ಲ ಕುಸಿಯುವುವು.

ತೀಕ್ಷ್ಣವಾದ ಮದ್ಯಸಾರವು ಈ ಕೋಟೆಯನ್ನು ಹೇಗೆ ಒಡೆಯುವುದೆಂಬುದನ್ನು ನೋಡೋಣ. ನಮ್ಮ ದೇಶದ ಅಂಗಡಿಗಳಲ್ಲಿ ದೊರೆಯುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ನೂರರಲ್ಲಿ ೪೨.೮ ಭಾಗ ಮದ್ಯಸಾರವಿರುತ್ತದೆ. ಮದ್ಯಸಾರವು ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಬೆರೆಯಬಲ್ಲುದಾಗಿ, ಕೋಶಗಳ ಕೊಬ್ಬಿನ ಹೊದಿಕೆಯನ್ನು ಸಲೀಸಾಗಿ ಭೇದಿಸುತ್ತದೆ. ಮೇಲಿನ ಕೋಶಗಳು ಉದುರುತ್ತವೆ. ಕೆಳಗಿನ ಸಣ್ಣ ರಕ್ತನಾಳಗಳು ಸೋರಲಾರಂಭಿಸುತ್ತವೆ. ರಕ್ತವು ಅಲ್ಲಿಯೇ ನಿಂತು ಹೆಪ್ಪುಗಟ್ಟುತ್ತದೆ. ರಕ್ತ ಸಿಕ್ಕದ ಭಾಗವು ಸಾಯುತ್ತದೆ. ಇದಕ್ಕೆ ಬಹುಕಾಲ ಬೇಕಾಗಿಲ್ಲ, ಒಂದು ಗಂಟೆಯೊಳಗೇ ನಡೆದುಹೋಗಬಲ್ಲುದು.

೧೯೭೯ರಲ್ಲಿ, ಅಮೆರಿಕಾದ ಔಷಧ ಕಂಪನಿಯೊಂದರ ಪ್ರಯೋಗಶಾಲೆಯಲ್ಲಿದ್ದ ಆಂದ್ರೆ ರಾಬರ್ಟ್ ಎಂಬುವರು ಒಂದು ವಿಚಿತ್ರವನ್ನು ಪ್ರಕಟಿಸಿದರು. ಇಲಿಗಳ ಜಠರಕ್ಕೆ ಅಪ್ಪಟ ಮದ್ಯಸಾರವನ್ನು ಹಾಕಿದರೆ ಒಳಪೊರೆಯು ಸುಟ್ಟಂತೆ ಕರಿದಾಗುವುದು. ಆದರೆ ಮೊದಲೇ ಪ್ರೋಸ್ಟಗ್ಲಾಂಡಿನ್ ಎಂಬ, ದೇಹದಲ್ಲಿಯೇ ಹುಟ್ಟುವ ಕೊಬ್ಬಿನ ಜಾತಿಯ ವಸ್ತುವನ್ನು ಅತ್ಯಲ್ಪವಾಗಿ ಕೊಟ್ಟಿದ್ದರೆ ಜಠರವು ಬಹುಮಟ್ಟಿಗೆ ಉಳಿಯುವುದು. ಮದ್ಯಸಾರದಿಂದ ಮಾತ್ರವಲ್ಲ, ತೀಕ್ಷ್ಣವಾದ ಆಮ್ಲದಿಂದಲೂ ಕ್ಷಾರದಿಂದಲೂ ಕುದಿಯುವ ನೀರಿನಿಂದಲೂ ರಕ್ಷಣೆ ದೊರೆಯುವುದು. ಅವರು ಇದಕ್ಕೆ ಕೋಶರಕ್ಷಣೆ ಎಂಬ ಅರ್ಥದ ಹೆಸರಿಟ್ಟರು. ಆಮೇಲೆ ಸೂಕ್ಷ್ಮದರ್ಶಕದಿಂದ ನೋಡಿದವರು ಈ ಹೆಸರನ್ನು ಸ್ವಲ್ಪ ತಿದ್ದಬೇಕಾಯಿತು: ಮೇಲ್ಪದರದ ಕೋಶಗಳು ಹೇಗೂ ಸಾಯುತ್ತವೆ, ಆಳದ ಬುಡವೂ ರಕ್ತನಾಳಗಳೂ ಉಳಿಯುತ್ತವೆ. ಬುಡವು ಉಳಿದರೆ ಪಕ್ಕದ ಕೋಶಗಳು ತೆವಳಿಬಂದು ಬರಿದಾದ ಜಾಗವನ್ನು ಕೆಲವೇ ಗಂಟೆಗಳಲ್ಲಿ ಮುಚ್ಚಿಬಿಡುವುವು. ಹುಲ್ಲಿನ ಮೇಲ್ಗಡೆ ಸುಟ್ಟರೂ ಬೇರು ಹಸಿಯಾಗಿದ್ದಂತೆ.

ಇಲ್ಲಿಯೇ ತಲೆನೋವಿನ ಮಾತ್ರೆಯ ಗುಟ್ಟೂ ಇದೆ. ಆಸ್ಪಿರಿನ್ ಮೊದಲಾದ ನೋವಿನ ಮಾತ್ರೆಗಳು ಪ್ರೋಸ್ಟಗ್ಲಾಂಡಿನ್ ಹುಟ್ಟುವುದನ್ನೇ ತಡೆಯುವುವೆಂದು ೧೯೭೧ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದರು. ಅದಕ್ಕಾಗಿ ೧೯೮೨ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ರಾತ್ರಿ ಮದ್ಯದಿಂದ ಗೋಡೆಯನ್ನು ಕೆಡವುವುದು, ಬೆಳಿಗ್ಗೆ ಮಾತ್ರೆಯಿಂದ ಗೋಡೆ ಕಟ್ಟುವ ಕೆಲಸಗಾರರನ್ನು ಮನೆಗೆ ಕಳುಹಿಸುವುದು! ಆ ಹುಡುಗನು ಮೂರು ದಿನವೂ ಮಾಡಿದ್ದು ಇದನ್ನೇ. ವೈದ್ಯರು ಅವನನ್ನು ಕೇಳಿದ ಮೊದಲನೆಯ ಪ್ರಶ್ನೆಯೂ ಮಾತ್ರೆಯ ವಿಷಯವಾಗಿಯೇ ಇದ್ದಿತೆಂದು ತಾಯಿಯು ಹೇಳಿದರು.

ಇನ್ನು ಮಿದುಳಿನ ಮಾತಿಗೆ ಬರೋಣ. ಚಿಂತೆ, ಶೋಕ, ಭಯ, ಕ್ರೋಧಗಳಿಂದ ಹಿತವೂ ಮಿತವೂ ಆದ ಅನ್ನವು ಸಹ ಜೀರ್ಣವಾಗದೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹೇಳಿದೆ. ಇದು ಕಣ್ಣಿದ್ದವರ ಮಾತು. ಆದರೆ ಇಷ್ಟರಿಂದಲೇ ಚರಕನಿಗೆ ಇಂದಿನ ರಸಾಯನಶಾಸ್ತ್ರವೆಲ್ಲ ತಿಳಿದಿದ್ದಿತೆಂದು ಹೇಳಹೊರಡುವ ಮಿತ್ರರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅದು ಚರಕನಿಗೇ ಮಾಡುವ ಅಪಚಾರ. ಚಿಂತೆಯು ಯಾವ ದಾರಿಯಿಂದ ಹೊಟ್ಟೆಗಿಳಿಯುವುದು ಎಂಬುದೇ ಹೊಸ ಶಾಸ್ತ್ರದ ಪ್ರಶ್ನೆ.

ದಾರಿಯು ವೇಗಸ್ ಎಂಬ ನರ. ಲ್ಯಾಟಿನಿನಲ್ಲಿ ಈ ಹೆಸರಿಗೆ ಅಲೆಯುವವನು ಎಂದರ್ಥ. ನಾವಾದರೆ ಪರಿವ್ರಾಜಕ ಎನ್ನಬಹುದು. ಮಿದುಳಿನ ಬುಡದಿಂದ ಹೊರಟು, ಕತ್ತು, ಹೃದಯ, ಶ್ವಾಸಕೋಶಗಳನ್ನು ಸುತ್ತಿ, ಜಠರಕ್ಕೂ ಕರುಳಿಗೂ ಇಳಿಯುವುದು. ರಷ್ಯಾದ ಪಾವ್ಲೋವ್ ಪಂಡಿತನು ಈ ನರವು ಜಠರರಸವನ್ನು ಹೇಗೆ ಸುರಿಸುವುದೆಂದು ತೋರಿಸಿ ೧೯೦೪ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ೧೯೩೨ರಲ್ಲಿ ಅಮೆರಿಕಾದ ಮಿದುಳಿನ ಶಸ್ತ್ರವೈದ್ಯ ಹಾರ್ವಿ ಕುಶಿಂಗನು, ತಾನು ಶಸ್ತ್ರಕ್ರಿಯೆ ಮಾಡಿದ ಕೆಲವರು ಮಿದುಳಿನ ಕಾರಣದಿಂದಲ್ಲದೆ ಜಠರದ ಹುಣ್ಣು ತೂತಾಗಿ ತೀರಿಕೊಂಡುದನ್ನು ಕಂಡು, ಮಿದುಳಿಗೂ ಹುಣ್ಣಿಗೂ ಸಂಬಂಧವುಂಟೆಂದು ಬರೆದನು. ೧೯೩೬ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹಾನ್ಸ್ ಸೆಲ್ಯೆ ಎಂಬುವನು, ಚಳಿ, ಅತಿಶ್ರಮ, ವಿಷ ಮೊದಲಾದ ಯಾವ ಪೀಡೆಗೆ ಒಡ್ಡಿದರೂ ಇಲಿಗಳ ಜಠರದಲ್ಲಿ ಹುಣ್ಣೇಳುವುದನ್ನು ಕಂಡನು. ಇಂದು ಮನೆಮನೆಯಲ್ಲಿ ಕೇಳಿಬರುವ 'ಸ್ಟ್ರೆಸ್' ಎಂಬ ಮಾತನ್ನು ವೈದ್ಯಶಾಸ್ತ್ರದಲ್ಲಿ ರೂಢಿಗೆ ತಂದವನು ಇವನೇ.

ಈ ಸೆಲ್ಯೆಯ ಬಳಿ ಕಲಿತವರಲ್ಲಿ ರೋಜರ್ ಗಿಲ್ಮಾನ್ ಒಬ್ಬರು. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಭಾಗವು ಕಳುಹಿಸುವ ರಾಸಾಯನಿಕ ದೂತರನ್ನು ಹಿಡಿಯಬೇಕೆಂದು ಅವರು ಲಕ್ಷಗಟ್ಟಲೆ ಕುರಿಗಳ ಮಿದುಳುಗಳನ್ನು ಅರೆದರು. ಅವರ ಪ್ರತಿಸ್ಪರ್ಧಿಯಾದ ಆಂಡ್ರೂ ಶಾಲಿ ಹಂದಿಗಳ ಮಿದುಳುಗಳನ್ನು ಅರೆದರು. ೧೯೬೯ರಲ್ಲಿ ಇಬ್ಬರ ಕೈಗೂ ಒಂದೇ ವಸ್ತು ಸಿಕ್ಕಿತು. ಮೂರೇ ಮೂರು ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದು ಕಿರುಸರ, ಟಿ.ಆರ್.ಎಚ್. ಎಂಬುದು ಅದರ ಸಂಕ್ಷಿಪ್ತನಾಮ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಎಬ್ಬಿಸುವ ಆಜ್ಞೆಯು ಇದರಿಂದ ಮೊದಲಾಗುವುದು. ೧೯೭೭ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂದಿತು.

ಹೀಗೆ ಅಮೈನೋ ಆಮ್ಲಗಳನ್ನು ಪೋಣಿಸಿದ ಕಿರುಸರಗಳಿಗೆ ಪೆಪ್ಟೈಡ್ ಎಂದು ಹೆಸರು. ವ್ಯಾಕರಣ ಕಲಿತವನಿಗೆ ಇಲ್ಲಿ ಒಂದು ಕ್ಷಣ ನಿಲ್ಲದೆ ಮುಂದೆ ಹೋಗುವುದು ಕಷ್ಟ. ಜರ್ಮನಿಯ ಎಮಿಲ್ ಫಿಷರನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಟ್ಟ ಈ ಹೆಸರಿಗೆ ಮೂಲವು ಜೀರ್ಣವಾದದ್ದು ಎಂಬ ಅರ್ಥದ ಗ್ರೀಕ್ ಶಬ್ದ. ಆ ಗ್ರೀಕ್ ಧಾತುವೂ ನಮ್ಮ ಪಚ್ ಧಾತುವೂ ಒಂದೇ ತಾಯಿಯ ಮಕ್ಕಳು. ಪಾಕ, ಪಕ್ವ, ಪಚನಗಳೂ, ಲ್ಯಾಟಿನಿನ ಮೂಲಕ ಬಂದ ಇಂಗ್ಲಿಷಿನ 'ಕುಕ್' ಶಬ್ದವೂ, ಈ ಪೆಪ್ಟೈಡೂ ದಾಯಾದಿಗಳು. ಅಡುಗೆಮನೆಯ ಧಾತುವು ಸುತ್ತಿ ಸುತ್ತಿ ಮಿದುಳನ್ನು ಸೇರಿ, ಅಲ್ಲಿಂದ ಪುನಃ ಜಠರಕ್ಕೆ ಬಂದಂತಾಯಿತು.

ಸೆಲ್ಯೆಯ ಬಳಿ ಕೆಲಸ ಮಾಡಿದ ಮತ್ತೊಬ್ಬರು ಇವೆಟ್ ಟಾಶೆ ಎಂಬ ವಿದುಷಿ. ಮುಂದೆ ಲಾಸ್ ಏಂಜಲಿಸಿನಲ್ಲಿ ನೆಲಸಿದ ಈಕೆಯೂ ಸಂಗಡಿಗರೂ ೧೯೮೦ರ ದಶಕದಿಂದ ಮಿದುಳಿನ ಪೆಪ್ಟೈಡುಗಳಿಗೂ ಜಠರಕ್ಕೂ ಇರುವ ನಂಟನ್ನು ಶೋಧಿಸಿದರು. ಟಿ.ಆರ್.ಎಚ್. ವಸ್ತುವು ಹೈಪೊಥಲಾಮಸಿನಲ್ಲಿ ಮಾತ್ರವಲ್ಲದೆ, ಮಿದುಳಿನ ಬುಡದಲ್ಲಿ, ವೇಗಸ್ ನರವು ಹೊರಡುವ ಸ್ಥಾನದಲ್ಲಿಯೇ, ನರಕೋಶಗಳ ತುದಿಯಿಂದ ಸ್ರವಿಸುವುದೆಂದು ತಿಳಿದುಬಂದಿತು. ಇಲಿಗಳಲ್ಲಿ ಆ ಸ್ಥಾನಕ್ಕೆ ಇದನ್ನು ಹೆಚ್ಚಾಗಿ ಕೊಟ್ಟರೆ ವೇಗಸ್ ನರವು ಉದ್ರೇಕಗೊಂಡು ಆಮ್ಲವು ಉಕ್ಕಿ, ಜಠರದಲ್ಲಿ ಹುಣ್ಣುಗಳೇಳುವುವು. ಇಲಿಯನ್ನು ಕಟ್ಟಿ ಕೊರೆಯುವ ಚಳಿಯಲ್ಲಿಟ್ಟಾಗ ಆಗುವುದೂ ಇದೇ. ಸೆಲ್ಯೆಯು ಕಂಡ ಹುಣ್ಣುಗಳಿಗೆ ಹೀಗೆ ಒಂದು ದಾರಿ ತೋರಿತು.

ಆದರೆ ಅದೇ ವಸ್ತುವನ್ನು, ಆಮ್ಲವು ಹೆಚ್ಚದಷ್ಟು ಅತ್ಯಲ್ಪವಾಗಿ ಕೊಟ್ಟು, ಆಮೇಲೆ ಜಠರಕ್ಕೆ ಮದ್ಯಸಾರವನ್ನು ಹಾಕಿದರೆ, ಗಾಯವು ಬಹಳವಾಗಿ ತಗ್ಗುವುದು! ಕೊಲ್ಲುವವನೇ ಕಾಯುವವನೂ ಆದನು. ವ್ಯತ್ಯಾಸವು ಮಾತ್ರೆಯ ಪ್ರಮಾಣದಲ್ಲಿ. ಕಾಯುವ ಬಗೆಯನ್ನು ಅವರು ಒಂದೊಂದೇ ಕೊಂಡಿಯನ್ನು ಕಳಚಿ ಪರೀಕ್ಷಿಸಿದರು. ವೇಗಸ್ ನರವನ್ನು ಕತ್ತರಿಸಿದರೆ ರಕ್ಷಣೆಯಿಲ್ಲ. ಆದಕಾರಣ ಆಜ್ಞೆಯು ಇಳಿಯುವುದು ಆ ನರದಲ್ಲಿಯೇ. ನರದ ಆಜ್ಞೆಯನ್ನು ಜಠರದಲ್ಲಿ ತಡೆಯುವ ಅಟ್ರೊಪಿನ್ ಕೊಟ್ಟರೂ ಇಲ್ಲ. ಪ್ರೋಸ್ಟಗ್ಲಾಂಡಿನನ್ನು ತಡೆಯುವ ಇಂಡೊಮೆಥಾಸಿನ್ ಮಾತ್ರೆಯ ಔಷಧವನ್ನು ಕೊಟ್ಟರೂ ಇಲ್ಲ. ಎಂದರೆ ರಾಬರ್ಟರ ಕೆಲಸಗಾರರನ್ನು ಕರೆಯುವುದು ಮಿದುಳೇ. ಇವರ ಜೊತೆಗೆ ಇನ್ನಿಬ್ಬರು ಸೇರುತ್ತಾರೆ: ರಕ್ತನಾಳಗಳನ್ನು ಅಗಲಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ, ಮತ್ತು ಜಠರದ ಸಂವೇದನಾನರಗಳ ತುದಿಯಿಂದ ಹೊರಡುವ, ೩೭ ಅಮೈನೋ ಆಮ್ಲಗಳುಳ್ಳ ಸಿ.ಜಿ.ಆರ್.ಪಿ. ಎಂಬ ಇನ್ನೊಂದು ಪೆಪ್ಟೈಡ್. ಇವರೆಲ್ಲ ಕೂಡಿ ಒಳಪೊರೆಗೆ ರಕ್ತವನ್ನು ಹರಿಸಿ ಅದನ್ನು ಉಳಿಸುವರು. ಹಂಗೇರಿಯ ಬುಡಾಪೆಸ್ಟಿನಲ್ಲಿ ಕ್ಲಾರಾ ಗೈರೆಶ್ ಮತ್ತು ಸಂಗಡಿಗರು, ಮಿದುಳಿನಲ್ಲಿಯೇ ಹುಟ್ಟುವ ಅಫೀಮಿನ ಗುಣದ ಎಂಡಾರ್ಫಿನ್ ಮೊದಲಾದ ಪೆಪ್ಟೈಡುಗಳೂ ಇಲಿಗಳ ಜಠರವನ್ನು ಮದ್ಯಸಾರದಿಂದ ಕಾಯುವುದನ್ನು ತೋರಿಸಿದ್ದಾರೆ. ಅಲ್ಲಿಯೂ ದಾರಿಯು ವೇಗಸ್ ನರವೇ.

ಸಿ.ಜಿ.ಆರ್.ಪಿ.ಯ ವಿಷಯದಲ್ಲಿ ನಮ್ಮ ಅಡುಗೆಮನೆಗೂ ಸಂಬಂಧವುಂಟು. ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್ ಈ ನರಗಳನ್ನೇ ತಟ್ಟುವುದು. ಹಂಗೇರಿಯ ಪೇಚ್ ನಗರದ ಯಾನೋಶ್ ಸೊಲ್ಚಾನ್ಯಿ ಮತ್ತು ಸಂಗಡಿಗರು ೧೯೮೧ರಲ್ಲಿ, ಅತಿಯಾದ ಖಾರದಿಂದ ಈ ನರಗಳನ್ನು ಮೊದಲೇ ನಿಷ್ಕ್ರಿಯಗೊಳಿಸಿದ ಇಲಿಗಳಲ್ಲಿ ಜಠರದ ರಕ್ಷಣೆ ಕುಗ್ಗುವುದನ್ನು ಪ್ರಕಟಿಸಿದರು. ಅಲ್ಪವಾದ ಖಾರವನ್ನು ಜಠರಕ್ಕೆ ಹಾಕಿದರೆ ಮದ್ಯಸಾರದ ಗಾಯವು ಕಡಿಮೆಯಾಗುವುದೆಂದು ಮುಂದೆ ಬೇರೆಯವರು ಕಂಡರು. ಇದನ್ನು ಓದಿದಾಗ, ಕುಡಿಯುವವರು ಎಲೆಯಲ್ಲಿಟ್ಟುಕೊಳ್ಳುವ ಉಪ್ಪಿನಕಾಯಿ ಮತ್ತು ಖಾರದ ಕಡಲೆಗಳು ನೆನಪಿಗೆ ಬಂದು, ಈ ಲೇಖನವನ್ನು ಬರೆಯಲೇಬಾರದೇನೋ ಎಂದು ಹಿಂಜರಿದೆನು. "ನೋಡಿದಿರಾ, ಶಾಸ್ತ್ರವೇ ಹೇಳಿದೆ" ಎನ್ನುವವರು ನಮ್ಮಲ್ಲಿ ಬಹಳ ಮಂದಿ.

ಆದುದರಿಂದ ಸ್ಪಷ್ಟವಾಗಿ ಹೇಳುವೆನು. ಈ ಪ್ರಯೋಗಗಳು ಬಹುಪಾಲು ಇಲಿಗಳಲ್ಲಿ, ಉಪವಾಸವಿಟ್ಟ ಜಠರದಲ್ಲಿ, ಒಂದು ಸಲದ ಮದ್ಯಸಾರಕ್ಕೆ, ಒಂದೆರಡು ಗಂಟೆಗಳ ಅವಧಿಯಲ್ಲಿ ನಡೆದವು. ಪೆಪ್ಟೈಡನ್ನು ಕೊಟ್ಟದ್ದು ಬಾಯಿಗಲ್ಲ, ಮಿದುಳಿಗೆ. ನುಂಗಿದ ಪೆಪ್ಟೈಡುಗಳಲ್ಲಿ ಬಹುಪಾಲು ಅನ್ನದಂತೆಯೇ ಜೀರ್ಣವಾಗಿಹೋಗುವುವು. ಹೆಸರೇ ಅದನ್ನು ಹೇಳುತ್ತದಲ್ಲ! ಶೋಧಕರ ಗುರಿಯು ಕುಡಿಯುವವನಿಗೆ ಕವಚವನ್ನು ತೊಡಿಸುವುದಲ್ಲ. ಮದ್ಯಸಾರವು ಅವರಿಗೆ ಗಾಯವನ್ನು ಮಾಡುವ ಸುಲಭವಾದ ಸಾಧನ, ಅಷ್ಟೆ. ಜಠರವು ಉಳಿದರೂ ರಕ್ತಕ್ಕೆ ಸೇರಿದ ಮದ್ಯಸಾರವು ಪಿತ್ತಜನಕಾಂಗವನ್ನು ಬಿಡದು, ಮಿದುಳನ್ನೂ ಬಿಡದು. ಮದ್ಯಪಾನವು ಮನುಷ್ಯರಲ್ಲಿ ಅರ್ಬುದರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದಶೋಧಕ ಮಂಡಲಿಯು ೧೯೮೮ರಲ್ಲಿಯೇ ನಿರ್ಣಯಿಸಿದೆ.

ಚಿಂತೆಯ ವಾದಕ್ಕೂ ಒಂದು ತಿದ್ದುಪಡಿ ಬೇಕು. ಜಠರದ ಹುಣ್ಣಿಗೆಲ್ಲ ಮನೋವ್ಯಥೆಯೇ ಮೂಲವೆಂದು ಒಂದು ಕಾಲದಲ್ಲಿ ವೈದ್ಯರೇ ನಂಬಿದ್ದರು. ೧೯೮೨ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಇಬ್ಬರೂ ಜಠರದಲ್ಲಿ ವಾಸಿಸುವ ಸುರುಳಿಯಾಕಾರದ ಒಂದು ಸೂಕ್ಷ್ಮಾಣುವನ್ನು ಬೆಳೆಸಿ, ಬಹುಪಾಲು ಹುಣ್ಣುಗಳಿಗೆ ಅದು ಕಾರಣವೆಂದು ತೋರಿಸಿದರು. ೨೦೦೫ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಮಿದುಳಿನಿಂದ ಜಠರಕ್ಕೆ ದಾರಿಯಿರುವುದು ನಿಜ. ಆ ದಾರಿಯೊಂದರಲ್ಲಿಯೇ ಎಲ್ಲ ಹುಣ್ಣೂ ಬರುವುದೆಂಬುದು ಸುಳ್ಳು.

ಇಷ್ಟು ಓದಿದ ಮೇಲೆ ಆಕೆಯ ಮನೆಗೆ ನಾನೇ ಹೋದೆನು. ನಡುಮನೆಯಲ್ಲಿ ಮಗನೂ ಕುಳಿತಿದ್ದನು, ಬಹಳ ಇಳಿದಿದ್ದನು. ಆಕೆಗೆ ಹೇಳಿದೆನು: "ಅಮ್ಮಾ, ಅವತ್ತು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಗೋಡೆಯನ್ನು ಕೆಡವಿದ್ದು ಕುಡಿತ. ಕಾವಲಿನವರನ್ನು ಕಳಿಸಿಬಿಟ್ಟದ್ದು ಆ ಮಾತ್ರೆ. ಚಿಂತೆ ಕಾವಲನ್ನು ಸಡಿಲ ಮಾಡಿರಬಹುದು. ಆದರೆ ಚಿಂತೆ ಒಂದೇ ಇದ್ದಿದ್ದರೆ ಹೀಗೆ ರಕ್ತ ಬರುತ್ತಿರಲಿಲ್ಲ ಅಂತ ನನಗೆ ತೋರುತ್ತದೆ. ನೋವು ಇರಲಿಲ್ಲ ಅನ್ನುವುದನ್ನು ಮಾತ್ರ ಇನ್ನು ಮೇಲೆ ಯಾರೂ ಧೈರ್ಯವೆಂದು ಇಟ್ಟುಕೊಳ್ಳಬಾರದು." ನಿತ್ಯವೂ ಹೆಚ್ಚಾಗಿ ಕುಡಿಯುತ್ತಿದ್ದವರು ತಟ್ಟನೆ ಬಿಟ್ಟರೆ ನಡುಕ, ಭ್ರಮೆ, ಸೆಳವುಗಳಾಗಿ ಪ್ರಾಣಕ್ಕೇ ಅಪಾಯ ಬರಬಹುದಾದುದರಿಂದ, ಬಿಡುವುದನ್ನು ವೈದ್ಯರ ಕಣ್ಣೆದುರಿನಲ್ಲಿಯೇ ಮಾಡಬೇಕೆಂದೂ ತಿಳಿಸಿದೆನು. ಆಗಲೇ ವೈದ್ಯರು ಅದಕ್ಕೆ ಏರ್ಪಾಡು ಮಾಡಿದ್ದರೆಂದು ತಿಳಿದು ಸಮಾಧಾನವಾಯಿತು.

ಆಕೆ ಕಾಫಿ ತರಲು ಒಳಗೆ ಹೋದರು. ಅಲ್ಲಿಯವರೆಗೆ ನೆಲವನ್ನೇ ನೋಡುತ್ತಿದ್ದ ಹುಡುಗನು ತಲೆಯೆತ್ತಿದನು.

"ಆ ಒಳಪೊರೆ ಪುನಃ ಹೊಸದಾಗೋದಕ್ಕೆ ಎಷ್ಟು ದಿನ ಬೇಕು ಮೇಷ್ಟ್ರೇ?"

"ಮೇಲ್ಗಡೆಯ ಪದರಕ್ಕೆ ಕೆಲವು ದಿನ ಸಾಕಪ್ಪಾ. ಆಳದ ಗಾಯಕ್ಕೆ ವಾರಗಳು ಬೇಕು" ಎಂದೆನು.

ಅವನು ಗೋಡೆಯ ಮೇಲಿನ ಪಂಚಾಂಗದ ಕಡೆಗೆ ತಿರುಗಿ, ತುಟಿ ಅಲುಗಿಸುತ್ತ ದಿನಗಳನ್ನು ಎಣಿಸತೊಡಗಿದನು.